ಜೇಡಿ ತೇಲದ ದಿನ

"ನನ್ನ ಗಂಡಂದೇ ಕೆಲಸ ಇದು. ನನ್ನ ಏಳಿಗೆ ಅವರಿಗೆ ಸಹಿಸಕ್ಕಾಗಲ್ಲ. ಇನ್ನು ಆ ಮನೆ ಮೆಟ್ಟಿಲು ಹತ್ತಲ್ಲ, ಅಕ್ಕ," ಎಂದು ಅಳುತ್ತಲೇ ಒಳಗೆ ಬಂದಳು ಪೊಟ್ಯಾಷ್ ಕಾರ್ಖಾನೆಯ ಕೆಮಿಸ್ಟ್.

ಅವಳು ಅಕ್ಕ ಎಂದದ್ದು ನನ್ನ ಸ್ವಂತ ಅಕ್ಕನಿಗೆ. ಅಕ್ಕ ಅಲ್ಲಿನ ಭದ್ರತಾ ಅಧಿಕಾರಿ, ನಾನು ಅವಳ ಸಹಾಯಕ. ಅಕ್ಕನ ತಲೆ ಓಡುವುದು ಕಂಡರೆ ನನಗೂ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ.

ಪೊಟ್ಯಾಷ್ ಅದಿರಿಗೆ ಅಂಟಿದ ಜೇಡಿಮಣ್ಣನ್ನು ನೊರೆಯೊಡನೆ ತೇಲಿಸಿ ತೆಗೆಯುವ ದ್ರಾವಣವನ್ನು ಕೆಮಿಸ್ಟ್ ಎರಡು ವರ್ಷ ಒದ್ದಾಡಿ ಮಾಡಿದ್ದಳು. ಆ ಬೆಳಿಗ್ಗೆ ಮಾಲೀಕರೆದುರು ಪರೀಕ್ಷೆ ನಡೆದಾಗ ನೊರೆ ಏಳಲೇ ಇಲ್ಲ. ಸಂಜೆಯ ಪರೀಕ್ಷೆಯೂ ಕೆಟ್ಟರೆ ಅವಳ ಪ್ರಯೋಗ ಅಲ್ಲಿಗೆ ಮುಗಿಯಿತು. ದ್ರಾವಣವಿಟ್ಟ ಬೀರುವಿನ ಕೀಲಿ ಅವಳನ್ನು ಬಿಟ್ಟರೆ ಇದ್ದದ್ದು ಇಬ್ಬರಲ್ಲಿ: ಅದೇ ಲ್ಯಾಬಿನಲ್ಲಿ ಕೆಲಸ ಮಾಡುವ ಗಂಡ ಮತ್ತು ನೊರೆ ಎಬ್ಬಿಸುವ ತೊಟ್ಟಿಗಳ ಮೇಸ್ತ್ರಿಯಾದ ಅವಳ ಅಪ್ಪ. ಗಂಡ ಮಾಡಿದ್ದ ದ್ರಾವಣವನ್ನು ಮಾಲೀಕರು ಹೋದ ವರ್ಷ ಬೇಡವೆಂದಿದ್ದರು. ನಾನಂತೂ ಅವನೇ ಎಂದು ತೀರ್ಪು ಕೊಟ್ಟೇಬಿಟ್ಟೆ.

ಅಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಕೊರಳಲ್ಲಿ ಒಣಗಿದ ಬಿಳಿ ಹರಳು, ತಳದಲ್ಲಿ ಒಡೆದ ಹಾಲಿನಂಥ ಗಡ್ಡೆ. ಕಾಯಿಸಿದ ಸಿಹಿನೀರಲ್ಲೇ ಕಲಸಿದ್ದೆ ಎಂದಳು ಕೆಮಿಸ್ಟ್. ಆಮೇಲೆ ಕುಡಿಯುವ ನೀರು ಹಿಡಿದು ತೊಟ್ಟಿಯ ಬಳಿ ಹೋದ ನನಗೆ ಮೇಸ್ತ್ರಿಯವರಿಂದ ಸರಿಯಾಗಿ ಮಂಗಳಾರತಿಯಾಯಿತು. ಸಿಹಿನೀರಿಗೆ ಪೊಟ್ಯಾಷ್ ಕರಗುತ್ತದೆ, ಇಲ್ಲಿ ಉಪ್ಪುನೀರು ಬಿಟ್ಟು ಬೇರೆ ನೀರು ಮುಟ್ಟಬಾರದು ಎಂದರು.

ಸಂಜೆ ಅಕ್ಕ ಎಲ್ಲರನ್ನೂ ತೊಟ್ಟಿಯ ಪಕ್ಕ ಸೇರಿಸಿದಳು.

"ಯಾರೋ ಅರ್ಧ ದ್ರಾವಣ ಚೆಲ್ಲಿ ಬಾಟಲಿ ಮತ್ತೆ ತುಂಬಿಸಿದ್ದಾರೆ. ಇವಳ ಗಂಡ ಆಗಿದ್ರೆ ಲ್ಯಾಬಲ್ಲೇ ಇರೋ ನಲ್ಲಿಯ ಸಿಹಿನೀರು ಹಾಕ್ತಿದ್ರು, ಗುರುತೇ ಉಳೀತಿರ್ಲಿಲ್ಲ. ಇದಕ್ಕೆ ಬಿದ್ದಿರೋದು ತೊಟ್ಟಿಯ ಉಪ್ಪುನೀರು. ಅದಕ್ಕೇ ದ್ರಾವಣ ಒಡೀತು, ಕೊರಳಲ್ಲಿ ಉಪ್ಪು ಕೂತಿತು. ಸಿಹಿನೀರು ಮುಟ್ಟಬೇಡಿ ಅಂತ ಮೂವತ್ತು ವರ್ಷ ಬೈದವರ ಕೈ ತಪ್ಪು ಮಾಡುವಾಗ್ಲೂ ನಲ್ಲಿ ಕಡೆ ಹೋಗ್ಲಿಲ್ಲ."

ಮೇಸ್ತ್ರಿ ತೊಟ್ಟಿಯ ಅಂಚು ಹಿಡಿದು ನಿಂತರು. "ನೊರೆ ಕೆಟ್ರೆ ಎಲ್ಲರೂ ನನ್ನನ್ನೇ ಕರೀತಿದ್ರು. ಈ ಬಾಟಲಿ ಬಂದ್ಮೇಲೆ ಯಾರೂ ಕೇಳ್ತಿಲ್ಲ. ಸ್ವಂತ ಮಗಳ ಮೇಲೇ ಹೊಟ್ಟೆ ಉರೀತು."

ಕೆಮಿಸ್ಟ್ ಹೊಸದಾಗಿ ಕಲಸಿದ ದ್ರಾವಣ ಸುರಿದಳು. ಜೇಡಿ ಹೊತ್ತ ಬೂದು ನೊರೆ ಉಕ್ಕಿ ಬಂತು. ಮಾಲೀಕರು ತಲೆದೂಗಿದರು. ಅವಳು ಮಾತ್ರ ಅಪ್ಪನತ್ತ ತಿರುಗಿ, ನೀವೇ ನೋಡಿ ಹೇಳಿ ಎಂದಳು. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ನನ್ನ ಕೈಲಿ ಒಂದು ದಿನವೂ ಇಂಥ ನೊರೆ ಎದ್ದಿಲ್ಲ ಕಣಮ್ಮ."

ಆಮೇಲೆ ಅವಳು ಗಂಡನ ಮುಂದೆ ಹೋಗಿ ನಿಂತಳು.

"ಹೊಟ್ಟೆ ನಂಗೂ ಉರೀತಿತ್ತು," ಎಂದ ಅವನು. "ಆದ್ರೂ ಬೆಳಿಗ್ಗೆ ನೊರೆ ಏಳ್ಲಿಲ್ವಲ್ಲ, ಆಗ ನಿನಗಿಂತ ಮೊದಲು ಅತ್ತಿದ್ದು ನಾನು. ನೀನು ನೋಡ್ಲಿಲ್ಲ."