ಲುಟ್ಟೆನೋ ಮನೆತನದ ಕೊನೆಯ ತಟ್ಟೆ

ಫಳಾರ್!

ಗೆಳತಿ ಫ್ರೀಡಾಳ ಮನೆಬಾಗಿಲಲ್ಲಿ ಸ್ವಾಂತ್ಯೆ ಎಸೆದ ಪಿಂಗಾಣಿ ತಟ್ಟೆ ಚೂರಾಯಿತು. ಊರವರೆಲ್ಲ ಚಪ್ಪಾಳೆ ತಟ್ಟಿದರು. ನಾಳೆ ಫ್ರೀಡಾಳ ಮದುವೆ; ಮದುವೆಯ ಹಿಂದಿನ ಸಂಜೆ ಹಳೆಯ ಪಿಂಗಾಣಿ ಒಡೆದರೆ ವಧೂವರರಿಗೆ ಒಳ್ಳೆಯದೆಂದು ಜರ್ಮನ್ನರ ನಂಬಿಕೆ. ಚೂರುಗಳನ್ನು ಮಾತ್ರ ಅವರಿಬ್ಬರೇ ಗುಡಿಸಬೇಕು.

ಸ್ವಾಂತ್ಯೆ ಒಡೆಯುತ್ತಿದ್ದುದು ಬೇರೆಯದೇ ಕಾರಣಕ್ಕೆ. ಅಜ್ಜಿಯ ನೆಲಮಾಳಿಗೆಯಲ್ಲಿ ಅವಿತಿದ್ದ ಈ ತಟ್ಟೆಗಳು ಇವತ್ತಿಗೆ ಮುಗಿಯಲಿ, ಪೀಡೆ ತೊಲಗಲಿ!

ಕೊನೆಯದನ್ನು ಎತ್ತಿದಾಗ ಹೆನ್ನಿಂಗ್ ಅವಳ ಕೈ ಹಿಡಿದ. ಬರ್ಲಿನ್ ಗೋಡೆ ಬಿದ್ದ ಮರುವರ್ಷ ಪಶ್ಚಿಮ ಜರ್ಮನಿಯಿಂದ ಈ ಊರಿನ ಚರ್ಚಿನ ಆರ್ಗನ್ ವಾದ್ಯದ ರಿಪೇರಿಗೆ ಬಂದವನು, ಬೇಸಿಗೆ ಮುಗಿಯುವಷ್ಟರಲ್ಲಿ ಅವಳ ಮನಸ್ಸನ್ನೂ ಕದ್ದವನು. ಈಗ ಅವನ ಮುಖ ಬಿಳಿಚಿಕೊಂಡಿತ್ತು.

"ಈ ಕೊಕ್ಕರೆ ಮುದ್ರೆ... ಇದು ನಮ್ಮನೇದು, ಸ್ವಾಂತ್ಯೆ."

"ನಿಮ್ಮನೇದಾ? ಇದು ಹಳೇ ಜಮೀನ್ದಾರರು ಫಾನ್ ಲುಟ್ಟೆನೋ ಮನೆಯವರದ್ದು!"

"ನಾನೂ ಫಾನ್ ಲುಟ್ಟೆನೋನೇ."

ಊರಿಗೆ ಅದೇ ಹೆಸರು, ಸರೋವರಕ್ಕೆ ಅದೇ ಹೆಸರು, ಪಾಳುಬಿದ್ದ ಅರಮನೆಗೂ ಅದೇ! ಅವಳ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ...

"ಅಷ್ಟೊಂದು ದ್ವೇಷಾನಾ ನಮ್ಮ ಮೇಲೆ?" ಎಂದವನು ಉತ್ತರಕ್ಕೂ ಕಾಯದೆ ಹೊರಟುಹೋದ.

ಮರುದಿನ ಮದುವೆ ಮುಗಿದು ಚರ್ಚು ಖಾಲಿಯಾದ ಮೇಲೆ, ಉಳಿದ ಆ ಒಂದೇ ತಟ್ಟೆ ಹಿಡಿದು ಅವಳು ಆರ್ಗನ್ ಇದ್ದ ಅಟ್ಟ ಹತ್ತಿದಳು. ಅವನು ಉಪಕರಣಗಳನ್ನು ಗಂಟು ಕಟ್ಟುತ್ತಿದ್ದ.

"ದ್ವೇಷ ಅಲ್ಲ ಹೆನ್ನಿಂಗ್, ನಾಚಿಕೆ! ಯುದ್ಧದ ಕೊನೇಲಿ ರಷ್ಯನ್ ಸೈನ್ಯಕ್ಕೆ ಹೆದರಿ ನಿಮ್ಮವರು ಓಡಿಹೋದ ದಿನ ನಮ್ಮಜ್ಜಿ ಅರಮನೆಗೆ ನುಗ್ಗಿ ಇವನ್ನ ಹೊತ್ಕೊಂಡು ಬಂದ್ಲು. ನಾನು ಕಳ್ಳಿಯ ಮೊಮ್ಮಗಳು. ಒಡೆದುಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ..."

"ಅಜ್ಜಿ ಅಲ್ಲೇ ಕೆಲಸಕ್ಕಿದ್ರಾ?"

"ಹಾಲು ಕರೀತಿದ್ಲು. ಹಿಮ ಬಿದ್ದಾಗ್ಲೂ ಬರಿಗಾಲಲ್ಲಿ."

ಅವನು ತಲೆ ತಗ್ಗಿಸಿದ.

"ಅದಕ್ಕೇ ಹೆಸರು ಮುಚ್ಚಿಟ್ಟೆ. ನಮ್ಮಜ್ಜನ ಚಾವಟಿ ಬಗ್ಗೆ ಊರವರು ಮಾತಾಡ್ವಾಗ ನಾನು ಸುಮ್ನೆ ಕಾಫಿ ಕುಡೀತಾ ಕೂತಿದ್ದೆ. ನಿನ್ನ ಹತ್ರಾನೂ ಸುಳ್ಳು ಹೇಳ್ದೆ. ನಾಚಿಕೆ ಪಡ್ಬೇಕಾದವನು ನಾನು."

"ಮತ್ತೆ ನಿನ್ನೆ ಕೋಪ ಯಾಕೆ?"

"ಕೋಪ ಅಲ್ಲ ಕಣೇ... ಇನ್ನು ನೀನು ನನ್ನ ಮುಖ ನೋಡಲ್ಲ ಅಂತ ಭಯ! ನಿನ್ನನ್ನ ಅಷ್ಟು ಪ್ರೀತಿಸ್ತೀನಿ."

ಸ್ವಾಂತ್ಯೆಯ ಕಣ್ಣು ತುಂಬಿತು. ತಟ್ಟೆಯನ್ನು ಅವನತ್ತ ಚಾಚಿದಳು. "ತಗೋ, ನಿಮ್ಮದು."

"ನೀನೇ ಇಟ್ಕೋ. ನಮ್ಮ ಮದುವೆಯ ಹಿಂದಿನ ಸಂಜೆ ಒಡೆಯೋಣ... ಒಪ್ಪಿಗೇನಾ?"

ಅಳುತ್ತಲೇ ಅವಳಿಗೆ ನಗು ಬಂತು. "ಗುಡಿಸೋದ್ಯಾರು?"

"ಇಬ್ರೂ."

"ಊಹೂಂ, ಪೊರಕೆ ನಿನ್ನ ಕೈಗೆ! ಫಾನ್ ಲುಟ್ಟೆನೋ ಮನೆಯವರು ಈ ಊರಲ್ಲಿ ಒಂದ್ಸಲನಾದ್ರೂ ಕಸ ಗುಡಿಸ್ಲಿ."

"ಅಪ್ಪಣೆ, ದೊರೆಸಾನಿ!" ಎಂದು ಅವನು ಅವಳ ಕಣ್ಣೊರೆಸಿದ.