ತಂಗಿಗೆ ಮಣ್ಣು ಬ್ಯಾಡಂತ

"ಹೊಲದ ಹಕ್ಕು ಬಿಟ್ಟಕೊಟ್ಟು ಈ ಸೀರಿ ಉಟ್ಕೊ ತಂಗಿ," ಎಂದ ಅಮರೇಶ.

ಸೌಮ್ಯಾಳ ಕೈಯಲ್ಲಿದ್ದ ಪಾಲಕದ ಕಟ್ಟು ಜಾರಿಬಿತ್ತು. ಸೀಗಿ ಹುಣ್ಣಿಮೆಗೆ ತವರೂರು ಗರಗದ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಲು ಕರೆಯೋದಕ್ಕೇ ಅಣ್ಣ ಬಂದಿದ್ದಾನೆಂದು ತಿಳಿದಿದ್ದಳು. ಅವನ ಜೊತೆ ಬಂದ ಅವ್ವ ಕಾಳವ್ವನನ್ನೂ ಕಂಡು ಹಿಗ್ಗಿ, ಇಬ್ಬರನ್ನೂ ನೆಟ್ಟಗೆ ಮಾಳಿಗೆಗೆ ಕರೆತಂದಿದ್ದಳು... ಬಿಳಿ ಪೈಪುಗಳ ತೂತುತೂತಿನಲ್ಲೂ ಪಾಲಕ, ಮೆಂತ್ಯೆ, ಕೊತ್ತಂಬರಿ! ಹಿಡಿ ಮಣ್ಣಿಲ್ಲ. ಪೈಪಿನೊಳಗೆ ಗೊಬ್ಬರ ಬೆರೆಸಿದ ನೀರು ಹರಿಯುತ್ತದೆ, ಬೇರು ಅದನ್ನೇ ಕುಡಿಯುತ್ತದೆ. ಗಂಡ ಬಿಟ್ಟುಹೋದ ಮೇಲೆ ನವನಗರದ ಈ ಬಾಡಿಗೆ ಮನೆಯ ಮಾಳಿಗೆಯೇ ಅವಳ ಅನ್ನ. ಆ ಪೈಪುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ತಾನೇ ನಿಂತು ಜೋಡಿಸಿಕೊಟ್ಟವನು ಇದೇ ಅಣ್ಣ! ಇಂಥ ಅಣ್ಣ ಯಾರಿಗಿದ್ದಾನೆಂದು ಸೊಪ್ಪು ಕೊಡಲು ಹೋದ ಕೇಶ್ವಾಪುರದ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು, ಹುಚ್ಚಿ.

"ಬಾವಿಕಡೀ ಹೊಲ ನನಗಂತ ಅಪ್ಪ ಹೇಳಿದ್ದಿಲ್ಲೇನು ಅಣ್ಣಾ? ನಾಳೆ ಮಾಲಕರು ಮನಿ ಬಿಡಸಿದ್ರ ನಾ ಎಲ್ಲಿ ನಿಲ್ಲಲಿ?"

"ನಿನಗ್ಯಾಕ ಮಣ್ಣು? ನೀ ನೀರಾಗ ಬೆಳಿಯಾಕಿ! ಊರಾಗ ಎಲ್ಲಾರೂ ಅದನ್ನಽ ಅಂತಾರ, ಅಮರೇಶನ ತಂಗಿಗೆ ಮಣ್ಣು ಬ್ಯಾಡಂತ."

"ಎಲ್ಲಾರೂ ಅಂತಾರೋ, ನೀ ಅನಸಾಕತ್ತಿಯೋ?"

ಅಮರೇಶ ನಕ್ಕ. ಪೈಪು ತಂದ ದಿನದ ಪ್ರೀತಿಯೆಲ್ಲ ಆ ನಗೆಯಲ್ಲಿ ಬೆತ್ತಲಾಯಿತು. ಹೆಣ್ಣುಮಗಳ ಪಾಲು ನುಂಗಲು ನಮ್ಮಲ್ಲಿ ಒಂದು ಸೀರೆ ಸಾಕು. ಈ ಶಾಣ್ಯಾ ಮೊದಲೇ ಒಂದು ತೋಟವನ್ನೇ ಉಡುಗೊರೆ ಕೊಟ್ಟಿದ್ದ!

ಅಷ್ಟರಲ್ಲಿ ಕರೆಂಟ್ ಹೋಗಿ ಮೋಟರು ನಿಂತಿತು. ಸೌಮ್ಯಾ ಓಡಿ, ಬಕೆಟ್ಟಿನಿಂದ ಪೈಪಿಗೆ ನೀರು ಸುರಿಯುತ್ತಲೇ ಕೂಗಿದಳು. "ನೋಡು... ಬಿಸಲಾಗ ಸ್ವಲ್ಪ ಹೊತ್ತು ನೀರು ನಿಂತ್ರೂ ಇವು ಬಾಡಿ ಬೀಳ್ತಾವ. ಮಣ್ಣು ತಡಕೊಂತೈತೋ ಅಣ್ಣಾ, ಮಣ್ಣು ತಡಕೊಂತೈತಿ!... ಯವ್ವಾ, ಅಪ್ಪ ಸಾಯೂಮುಂದ ಹೇಳಿದಾಗ ನೀ ಅವನ ತಲಿ ಹಂತ್ಯಾಕ ಕುಂತಿದ್ದಿ. ನೀನಽ ಹೇಳು!"

ಕಾಳವ್ವ ಸೆರಗಿನ ಚುಂಗು ತಿರುವಿದಳು. "ನನಗ... ನೆನಪಿಲ್ಲವ್ವಾ."

"ಹಣಿ ಮ್ಯಾಲಿನ ವಿಭೂತಿ ಮುಟ್ಟಿ ಹೇಳು!"

"ನೆನಪಿಲ್ಲ ಅಂದ್ನೆಲ್ಲ!"

"ಕೇಳಿದ್ಯಿಲ್ಲೋ? ಲಗೂನ ವಿಚಾರ ಮಾಡು," ಎಂದು ಅಮರೇಶ ಕಾರು ತಿರುಗಿಸಲು ಕೆಳಗಿಳಿದ.

ಕಾಳವ್ವ ಇಳಿಯಲಿಲ್ಲ. ಪೈಪಿನ ತೂತಿನಿಂದ ಒಂದು ಸಸಿಯನ್ನು ಮೆಲ್ಲಗೆ ಎತ್ತಿದಳು. ಬೆಳ್ಳಗಿನ ಬೇರು ಗಾಳಿಯಲ್ಲಿ ಜೋತಾಡಿತು.

"ಹೇಳಿದ್ದ ನಿಮ್ಮಪ್ಪ. ಖರೇನ ಹೇಳಿದ್ದ..." ಸಸಿಯನ್ನು ಮಗಳ ಮುಂದೆ ಹಿಡಿದಳು. "ಆದ್ರ ನಾನೂ ಹಿಂಗಽ ಸೌಮ್ಯಾ. ನಿಮ್ಮಣ್ಣ ನೀರು ಬಿಟ್ರಷ್ಟಽ ಹಸರು..."

ಸೌಮ್ಯಾ ಅಳಲಿಲ್ಲ. ಅಣ್ಣನ ಮೋಸಕ್ಕೆ ಸಿಟ್ಟಾದರೂ ಇತ್ತು; ಇದಕ್ಕೆ ಅದೂ ಇರಲಿಲ್ಲ.

"ನಾ ಸತ್ತಾಗ ಮಣ್ಣು ಕೊಡಾಕರ ಬರ್ತಿ ಇಲ್ಲೋ ನನ್ನವ್ವಾ?" ಎಂದಳು ಕಾಳವ್ವ.

ಅಪ್ಪನನ್ನು ಬಾವಿಕಡೆಯ ಹೊಲದಲ್ಲೇ ಹೂತಾಗ, ಅಲ್ಲಿಯದೇ ಮಣ್ಣನ್ನು ಹಿಡಿ ತುಂಬಿ ಕುಣಿಗೆ ಹಾಕಿದ್ದ ಅಂಗೈ ಸೌಮ್ಯಾಳದು. ಅದೇ ಕೈಯಿಂದ, ಅಣ್ಣ ಇಟ್ಟುಹೋದ ಸೀರೆಯನ್ನು ಅವ್ವನ ಉಡಿಗೆ ವಾಪಸು ಹಾಕಿದಳು.

"ಬರ್ತೇನಿ. ಅದಕ್ಕಽ ಹೊಲ ಬಿಡೂದಿಲ್ಲ. ನಿನಗ ಕೊಡೂ ಮಣ್ಣು ನನ್ನ ಹೊಲದ್ದಽ ಇರಲಿ."

ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ಸೀರೆಯನ್ನು ಎದೆಗೊತ್ತಿಕೊಂಡು ಕಾಳವ್ವ ಮೆಟ್ಟಿಲಿಳಿದಳು. ಸೌಮ್ಯಾ ತಿರುಗಿ ನೋಡದೆ ಮತ್ತೊಂದು ಬಕೆಟ್ ಎತ್ತಿದಳು.