ವಾದಿ ಮೃತಪಟ್ಟಿದ್ದಾರೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರಿನ ಕೋರ್ಟುಗಳಲ್ಲಿ ಇವತ್ತಿನವರೆಗೆ ದಾಖಲಾದ ಅಷ್ಟೂ ಕೇಸುಗಳ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ನನಗೆ ಬಾಯಿಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕೋರ್ಟಿನ ವೆಬ್‌ಸೈಟು ಕೆಟ್ಟು ನಿಂತ ದಿನ ವಕೀಲರು ನಮ್ಮ ಠಾಣೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಸಾಲುಗಟ್ಟಿ ನಿಂತು, ತಮ್ಮ ಮುಂದಿನ ವಾಯ್ದೆ ಯಾವತ್ತು ಎಂದು ನನ್ನನ್ನು ಕೇಳಿಕೊಂಡು ಹೋಗುತ್ತಾರೆ. ಹೆಸರು ಲಕ್ಕಯ್ಯ. ಹೆಡ್ ಕಾನ್‌ಸ್ಟೇಬಲ್, ಚನ್ನರಾಯಪಟ್ಟಣ ಠಾಣೆಯ ರೈಟರ್, ಅಂದರೆ ಇಲ್ಲಿನ ಬರವಣಿಗೆಯೆಲ್ಲ ನನ್ನದು. ನಾನು ಪೆನ್ನಿನ ಮುಚ್ಚಳ ತೆಗೆದ ಸದ್ದಿಗೇ ತಪ್ಪೊಪ್ಪಿಕೊಂಡ ಕಳ್ಳರು ಒಂಬತ್ತು ಜನ.

ಈ ಪ್ರಕರಣವನ್ನೂ ಭೇದಿಸಿದವನು ನಾನೇ. ದಾಖಲೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಪುಷ್ಪಾವತಿ ಮೇಡಂ ಅವರ ಹೆಸರಿದೆ. ಇರಲಿ ಬಿಡಿ.

ದಿನಾಂಕ 05-11-2025, ಬುಧವಾರ, ಬೆಳಿಗ್ಗೆ 6.50. ಬಾಗೂರಿನಿಂದ ಆಟೋ ಒಂದು ಠಾಣೆಯ ಮೆಟ್ಟಿಲಿಗೇ ಬಂದು ನಿಂತಿತು. ಒಳಗೆ ಪುಟ್ಟತಾಯಮ್ಮ ಎಂಬ ಅರವತ್ತೇಳು ವರ್ಷದ ವಿಧವೆ. ಒಂದು ಪಕ್ಕ ಮಗ ಕುಮಾರ್, ಇನ್ನೊಂದು ಪಕ್ಕ ಸೊಸೆ ರೂಪಶ್ರೀ. ಮುದುಕಿಯ ಎರಡೂ ಪಾದಕ್ಕೆ ಒದ್ದೆ ಟವೆಲು ಸುತ್ತಿತ್ತು. ಸುಟ್ಟ ಚರ್ಮದ ವಾಸನೆ ಆಕೆಗಿಂತ ಮೊದಲೇ ಒಳಗೆ ಬಂತು. ಮೊದಲು ಆಸ್ಪತ್ರೆಗೆ ಹೋಗೋಣವೆಂದು ಮಗ ದಾರಿಯುದ್ದಕ್ಕೂ ಹೇಳಿದನಂತೆ. ಆಕೆ ಕೇಳಿರಲಿಲ್ಲ.

"ಆಸ್ಪತ್ರೆ ಆಮ್ಯಾಕೆ," ಎಂದಳು. "ಮೊದ್ಲು ನಾನು ಬದುಕಿವ್ನಿ ಅಂತ ಬರ್ಕಳಿ."

ಪುಷ್ಪಾವತಿ ಮೇಡಂ ಹೊರಗೆ ಬಂದು ಆಟೋದ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕುಳಿತರು.

"ಏನಾಯ್ತಮ್ಮ?"

"ನಾನು ಸತ್ತೋಗಿವ್ನಂತೆ ಕಣವ್ವ. ಕೋರ್ಟ್ನಾಗೆ ಬರ್ದವ್ರೆ. ಇವತ್ತು ಬಾಗ್ಲಿಗೆ ಬೆಂಕಿನೂ ಇಕ್ಕವ್ರೆ."

ಬಾಗೂರಿನ ಸಂತೆಬೀದಿಯ ನಿವೇಶನವೊಂದಕ್ಕಾಗಿ ಪುಟ್ಟತಾಯಮ್ಮ ತನ್ನ ಮೈದುನನ ಮೇಲೆ 2003ರಲ್ಲಿ ದಾವೆ ಹೂಡಿದ್ದಳು. ಆ ಮೈದುನ ತೀರಿಕೊಂಡ ಮೇಲೆ ಅವನ ಮಗ ಮಹೇಶ್ ಪ್ರತಿವಾದಿಯಾದ. ಕೇಸು ಒಮ್ಮೆ ಮೇಲಿನ ಕೋರ್ಟಿಗೆ ಹೋಗಿ, ಅಲ್ಲಿಂದ ವಾಪಸು ಬಂದು, ಚನ್ನರಾಯಪಟ್ಟಣದಲ್ಲಿ ಇನ್ನೂ ನಡೆಯುತ್ತಿದೆ. ಕಳೆದ ಭಾನುವಾರ ರೂಪಶ್ರೀ ಅತ್ತೆಯ ಮುಂದಿನ ವಾಯ್ದೆ ತಿಳಿಯಲು ಫೋನಿನಲ್ಲಿ ಕೋರ್ಟಿನ ವೆಬ್‌ಸೈಟು ತೆರೆದಿದ್ದಳು. ಅಕ್ಟೋಬರ್ 29ರ ಕಲಾಪದ ಎದುರು ಇಂಗ್ಲಿಷಿನಲ್ಲಿ ವಾದಿ 'ಎಕ್ಸ್‌ಪೈರ್ಡ್' ಎಂದಿತ್ತು. ಮರಣ ಪ್ರಮಾಣಪತ್ರ ಹಾಜರಾಗಿದೆ, ವಾರಸುದಾರರ ವಿಚಾರಕ್ಕೆ ನವೆಂಬರ್ 12 ಎಂದೂ ಇತ್ತು.

"ಮಾತ್ರೆ ಎಕ್ಸ್‌ಪೈರಿ ಆಯ್ತದಲ್ಲ ಮೇಡಂ, ಅಂಗೆ ಕೇಸಿನ ಡೇಟು ಮುಗೀತೇನೋ ಅನ್ಕಂಡೆ," ಎಂದಳು ರೂಪಶ್ರೀ. "ಆಮೇಲೆ ನೋಡಿದ್ರೆ ಇವ್ರೇ ಮುಗ್ದೋಗವ್ರೆ."

ಹನ್ನೆರಡನೇ ತಾರೀಕು ಜಡ್ಜಿನ ಮುಂದೆ ನಿಂತು ತಾನು ಬದುಕಿದ್ದೇನೆಂದು ಹೇಳುವುದಾಗಿ ಪುಟ್ಟತಾಯಮ್ಮ ಬೀದಿಗೆಲ್ಲ ಸಾರಿದ್ದಳು. ಇವತ್ತು ಬೆಳಿಗ್ಗೆ ಐದೂಕಾಲಿಗೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದು, ಮಬ್ಬಿನಲ್ಲಿ ಹೊಸ್ತಿಲು ದಾಟಿ ಕಾಲಿಟ್ಟದ್ದು ಕೆಂಡದ ಮೇಲೆ. ಹುಲ್ಲಿನ ನಡುವೆ ಕೊರಡೊಂದು ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಹೊಸ ಮಡಕೆ. ನಮ್ಮ ಕಡೆ ಹೆಣ ಮನೆಯಲ್ಲಿರುವಾಗ ಮಾತ್ರ ಬಾಗಿಲ ಮುಂದೆ ಹಾಕುವ ಬೆಂಕಿ ಅದು.

"ಕಾಗದದಾಗೆ ಸಾಯ್ಸವ್ರೆ, ಬೆಂಕಿ ಇಕ್ಕವ್ರೆ," ಎಂದಳು ಪುಟ್ಟತಾಯಮ್ಮ. "ಇನ್ನುಳ್ದಿರದು ನಾನೊಬ್ಳೆ ಕಣವ್ವ."

ಎಫ್‌ಐಆರ್ ಅನ್ನು ನಾನು ಎಷ್ಟು ವೇಗವಾಗಿ ಬರೆದೆನೆಂದರೆ ಕಾಗದ ಬಿಸಿಯಾಯಿತು. ಆಕೆಯನ್ನು ಹಾಸನದ ಆಸ್ಪತ್ರೆಗೆ ಕಳಿಸಿ, 9.30ಕ್ಕೆ ಬಾಗೂರಿನಲ್ಲಿ ಪಂಚನಾಮೆ. ಕೊರಡು, ಬೂದಿ, ಮಡಕೆ ಜಪ್ತಿ. ನೆರೆಯವರು ತಮ್ಮ ಬಾಗಿಲು ತೆರೆಯಲೇ ಇಲ್ಲ. ಕಿಟಕಿಯ ಸಂದಿಯಿಂದ ನೋಡುತ್ತಿದ್ದರು. ಒಬ್ಬ ಹೆಂಗಸು ಮಾತ್ರ ಹೊರಗೆ ಬಂದು, ಮುದುಕಿ ನಿಜವಾಗಿಯೂ ಇದ್ದಾಳಾ ಎಂದು ಪಿಸುಗುಟ್ಟಿದಳು.

ಮೊದಲ ಅನುಮಾನ ಮಹೇಶನ ಮೇಲೆ. ಮಧ್ಯಾಹ್ನ 12.10ಕ್ಕೆ ಅವನನ್ನು ಠಾಣೆಗೆ ಕರೆಸಿದೆವು. ರಾತ್ರಿ ತನ್ನ ತಾಯಿ ಸಣ್ಣಕ್ಕನ ಜೊತೆ ದಂಡಿಗನಹಳ್ಳಿಯಲ್ಲಿದ್ದೆ ಎಂದ. ವಿಚಾರಿಸಿದಾಗ ನಿಜವೇ ಆಗಿತ್ತು.

"ದೊಡ್ಡವ್ವ ಸತ್ತರೆ ನಿನಗೆ ಲಾಭ ಅಲ್ಲವೇನೋ?" ಮೇಡಂ ಕೇಳಿದರು.

"ಏನ್ ಲಾಭ ಮೇಡಂ? ಅವ್ರು ಓದ್ರೆ ಆ ಜಾಗಕ್ಕೆ ಕುಮಾರ ಬತ್ತಾನೆ, ಇನ್ನಿಪ್ಪತ್ತು ವರ್ಷ ನಡೀತದೆ. ಯಾರೂ ಬರ್ದೆ ಇದ್ರೆ ತಾನೇ ಕೇಸು ಸಾಯದು?"

ಮೇಡಂ ಆ ಮಾತನ್ನು ಬರೆದುಕೊಂಡರು. ನನಗೆ ಅದು ಮುಖ್ಯ ಅನ್ನಿಸಲಿಲ್ಲ. ಅಂದರೆ, ಮುಖ್ಯ ಎಂದು ಗೊತ್ತಿದ್ದೂ ತೋರಿಸಿಕೊಳ್ಳಲಿಲ್ಲ.

ಪುಟ್ಟತಾಯಮ್ಮನ ವಕೀಲರು ವಯಸ್ಸಾದವರು. ಅಂಚೆಯಲ್ಲಿ ಕವರೊಂದು ಬಂತು, ಒಳಗೆ ಮರಣ ಪ್ರಮಾಣಪತ್ರದ ಜೆರಾಕ್ಸು, ಹೆಸರು ಸರಿಯಾಗಿತ್ತು, ಗಂಡನ ಹೆಸರೂ ಸರಿಯಾಗಿತ್ತು, ಆದ್ದರಿಂದ ಕೋರ್ಟಿಗೆ ಹಾಕಿದೆ ಎಂದರು. ಮನೆಗೊಂದು ಫೋನು ಮಾಡಬಾರದಿತ್ತೇ ಎಂದರೆ, ಸಾವಿನ ಮನೆಗೆ ಫೋನು ಮಾಡಿ ಸತ್ತಿದ್ದಾರಾ ಎಂದು ಕೇಳುವುದು ಹೇಗೆ ಎಂದು ಸುಮ್ಮನಾದರಂತೆ.

ಕೋರ್ಟಿನಿಂದ ಅದರ ನಕಲು ತಂದೆವು. 'ಪುಟ್ಟತಾಯಮ್ಮ ಕೋಂ ಪುಟ್ಟರಾಜು.' ಕೋಂ ಅಂದರೆ ನಮ್ಮ ಕಡೆಯ ಕಾಗದಪತ್ರಗಳಲ್ಲಿ ಇಂಥವನ ಹೆಂಡತಿ ಎಂದರ್ಥ. ಪತ್ರ ನಕಲಿಯಲ್ಲ, ಅಸಲಿಯೇ. ಸತ್ತವಳು ಬೇರೊಬ್ಬಳು. ವಿಳಾಸದ ಸಾಲನ್ನು ಮಡಿಚಿಟ್ಟು ಜೆರಾಕ್ಸು ತೆಗೆದಿದ್ದರು. ಮೊಹರಿನಲ್ಲಿ ಅರಕಲಗೂಡು ಎಂಬುದಷ್ಟೇ ಉಳಿದಿತ್ತು.

"ಅರಕಲಗೂಡಲ್ಲಿ ಇದೇ ಹೆಸರಿನವಳು, ಗಂಡನೂ ಇದೇ ಹೆಸರಿನವನು, ಸತ್ತಿದ್ದಾಳೆ ಅಂತ ಬಾಗೂರಿನ ಕೇಸಿಗೆ ಬೇಕಾದವನಿಗೆ ಹೇಗೆ ಗೊತ್ತಾಯ್ತು?" ಎಂದರು ಮೇಡಂ. ಅವರೇ ಉತ್ತರಿಸಿದರು: "ಹೆಸರು ಹಾಕಿ ಹುಡುಕಿದ್ದಾನೆ. ನಾವೂ ಹುಡುಕೋಣ."

ಕಾನ್‌ಸ್ಟೇಬಲ್ ಸ್ಮಿತಾ ಕಂಪ್ಯೂಟರಿನ ಮುಂದೆ ಕುಳಿತಳು. ನಾನು ಹಿಂದೆ ನಿಂತು ನಿರ್ದೇಶನ ಕೊಟ್ಟೆ. ಕ್ಯಾಪ್ಚಾ ಎಂಬ ಡೊಂಕು ಅಕ್ಷರಗಳನ್ನು ಒಂದೇ ನೋಟಕ್ಕೆ ಓದಿ ಹೇಳಿದೆ. ವೆಬ್‌ಸೈಟೇ ತಪ್ಪು ತಿಳಿದು ಆರು ಸಲ ಹಿಂದಕ್ಕೆ ಕಳಿಸಿತು. ಕೋರ್ಟು ಅರಕಲಗೂಡು, ಪಕ್ಷಕಾರರ ಹೆಸರು ಪುಟ್ಟತಾಯಮ್ಮ. ಇಂಗ್ಲಿಷಿನಲ್ಲಿ 'ತಾ'ಗೆ ಎಚ್ ಹಾಕಿದರೆ ಒಂದು ಪಟ್ಟಿ, ತೆಗೆದರೆ ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಪುಟ್ಟ ಎಂದು ಶುರುವಾಗುವ ಹೆಸರುಗಳನ್ನು ಎಣಿಸಿದರೆ ಮೂರು ಕೋಟಿ. ಸಂಜೆ 5.40ಕ್ಕೆ 'ಪುಟ್ಟ' ಬೇರೆ, 'ತಾಯಮ್ಮ' ಬೇರೆ ಮಾಡಿ ಬರೆದಾಗ ಸಿಕ್ಕಿತು. ದಾರಿಯ ತಕರಾರಿನ ಕೇಸು. ವಾದಿ ತೀರಿಕೊಂಡು, ವಾರಸುದಾರರು ಮುಂದೆ ಬರದೆ, ಮುಕ್ತಾಯವಾಗಿತ್ತು. ಆದೇಶದ ಪುಟದಲ್ಲಿ ಹಳ್ಳಿಯ ಹೆಸರಿತ್ತು.

"ಸಾರ್, ಇಂಥ ಪಟ್ಟಿನ ಕೊನೆವರೆಗೂ ಓದೋನು ಅದರಲ್ಲಿ ತನ್ನ ಕೇಸನ್ನೇ ಹುಡುಕ್ತಿರ್ತಾನೆ," ಎಂದಳು ಸ್ಮಿತಾ. ನಾನೂ ಅದನ್ನೇ ಹೇಳುವವನಿದ್ದೆ.

ದಿನಾಂಕ 06-11-2025, ಗುರುವಾರ. ಸ್ಮಿತಾಳನ್ನು ಆಸ್ಪತ್ರೆಯ ಕಾವಲಿಗೆ ಬಿಟ್ಟು, ಮೇಡಂ ಮತ್ತು ನಾನು ಹೊಳೆನರಸೀಪುರದ ಮೇಲೆ ಅರಕಲಗೂಡಿನ ದಾರಿ ಹಿಡಿದೆವು. 11.15ಕ್ಕೆ ಆ ಹಳ್ಳಿಯ ಮನೆ ಸಿಕ್ಕಿತು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಮೃತಳ ಮಗ ನಂಜಯ್ಯ ಜಗಲಿಯಲ್ಲಿ ಕುಳಿತು ಉತ್ತರಿಸಿದ.

"ಪ್ರಮಾಣಪತ್ರ ಯಾರಿಗೆ ಕೊಟ್ರಿ?"

"ಒಬ್ಬ ಬಂದಿದ್ದ ಮೇಡಂ. ಕೋರ್ಟಿಂದ ಅಂದ. ಕೇಸ್ ಪೂರಾ ಮುಚ್ಚಕ್ಕೆ ಬೇಕು ಅಂದ. ಕೊಟ್ಟೆ."

"ಹೆಂಗಿದ್ದ?"

"ಮೂವತ್ತೈದು ಇರಬೋದು. ಕಾಫಿ ಕೊಟ್ರೆ ಕುಡೀಲಿಲ್ಲ. ಅವ್ವನ ಫೋಟೋ ಮುಂದೆ ಬಾಳ ಹೊತ್ತು ನಿಂತಿದ್ದ."

"ಏನಾದ್ರೂ ಹೇಳಿದನಾ?"

ನಂಜಯ್ಯ ನೆನಪು ಮಾಡಿಕೊಂಡ. "ಓಗೋವಾಗ ಕೈ ಮುಗ್ದ. 'ನಮ್ಮವ್ವನ ಹೆಸರೂ ಇದೇ ಕಣಣ್ಣ' ಅಂದ."

ಮೇಡಂ ಎದ್ದು ನಿಂತರು. ಮಹೇಶನ ತಾಯಿ ಸಣ್ಣಕ್ಕ. ತಾಯಿಯ ಹೆಸರು ಪುಟ್ಟತಾಯಮ್ಮ ಎನ್ನಬಹುದಾದವನು ಈ ಕೇಸಿನಲ್ಲಿ ಒಬ್ಬನೇ. ಅವನನ್ನೇ ನಾವು ನಿನ್ನೆಯಿಂದ ಆಕೆಯ ಮಂಚದ ಪಕ್ಕ ಕೂರಿಸಿ ಬಂದಿದ್ದೆವು.

ಮೇಡಂ ಸ್ಮಿತಾಳಿಗೆ ಫೋನು ಮಾಡಿದರು. ಆಕೆ ಕ್ಯಾಂಟೀನಿನಲ್ಲಿದ್ದಳು. ಊಟ ಮಾಡಿ ಬನ್ನಿ, ಅವ್ವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಕುಮಾರನೇ ಕಳಿಸಿದ್ದನಂತೆ. ಓಡು ಎಂದರು ಮೇಡಂ. ಮೆಟ್ಟಿಲು ಹತ್ತುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ಸ್ಮಿತಾಳ ದನಿ, ಏದುಸಿರು: "ಮೇಡಂ, ಮಂಚ ಖಾಲಿ."

ಜೀಪು ಹಾಸನದ ಕಡೆ ಹೊರಟಿತು. ಎಷ್ಟು ವೇಗ ಎಂದು ಕೇಳಬೇಡಿ. ಈ ಒಂದು ಕಡೆ ಸುಳ್ಳು ಸೇರಿಸಲು ನನಗೆ ನಾಲಿಗೆ ಬರುವುದಿಲ್ಲ. ಮೇಡಂ ತಮ್ಮ ಫೋನಿನಲ್ಲಿ ಕೋರ್ಟಿನ ಪುಟ ತೆರೆದಿಟ್ಟುಕೊಂಡಿದ್ದರು. ವಾದಿ ಮೃತಪಟ್ಟಿದ್ದಾರೆ. ನಾನು ಓದಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಆಸ್ಪತ್ರೆಯ ಹಿಂಭಾಗದ ಬೇವಿನ ಮರದ ಕೆಳಗೆ, ಆಸ್ಪತ್ರೆಯೆಲ್ಲ ಹುಡುಕಿ ಆಗಷ್ಟೇ ಬಂದು ಮುಟ್ಟಿದ ಸ್ಮಿತಾ ನಿಂತಿದ್ದಳು. ಅವಳ ಮುಂದೆ ಗಾಲಿಕುರ್ಚಿಯಲ್ಲಿ ಪುಟ್ಟತಾಯಮ್ಮ, ಎದುರಿಗೆ ಕುಕ್ಕರಗಾಲಲ್ಲಿ ಕುಮಾರ್. ವಾರ್ಡಿನ ಸೆಖೆ ತಡೆಯಲಾರದೆ ಅವ್ವನೇ ಕೆಳಗೆ ಕರೆದೊಯ್ಯಿ ಎಂದಿದ್ದಳು. ಅವನು ಮೊಸರನ್ನ ಕಲಸಿ ತುತ್ತು ಎತ್ತಿದ್ದ.

"ಕೆಳಗಿಡು," ಎಂದರು ಮೇಡಂ.

ಕುಮಾರ್ ಅವರ ಮುಖ ನೋಡಿದ. ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ಆ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡು ನುಂಗಿದ. ಆಮೇಲೆ ಎದ್ದು ಕೈ ಮುಂದೆ ಮಾಡಿದ.

ಮಧ್ಯಾಹ್ನ 1.50ಕ್ಕೆ ದಸ್ತಗಿರಿ. ಸ್ವಇಚ್ಛಾ ಹೇಳಿಕೆ ಬರೆದುಕೊಂಡವನು ನಾನು. ಕವರು ಕಳಿಸಿದ್ದು, ಬೆಂಕಿ ಹಾಕಿದ್ದು, ಎರಡನ್ನೂ ಒಪ್ಪಿಕೊಂಡ. ಬೆಂಕಿ ಕಂಡರೆ ಹೆದರಿ, ಹನ್ನೆರಡನೇ ತಾರೀಕು ಕೋರ್ಟಿಗೆ ಹೋಗದೆ ಮನೆಯಲ್ಲೇ ಉಳಿಯುತ್ತಾಳೆ, ವಾರಸುದಾರನಾಗಿ ತಾನೂ ಹೋಗದಿದ್ದರೆ ಅರಕಲಗೂಡಿನ ಕೇಸಿನಂತೆ ಇದೂ ಮುಗಿಯುತ್ತದೆ ಎಂದುಕೊಂಡಿದ್ದನಂತೆ. ಅವ್ವ ಅದರ ಮೇಲೆ ಕಾಲಿಡುತ್ತಾಳೆಂದು ಎಣಿಸಿರಲಿಲ್ಲ.

"ಅವ್ವುನ್ನ ಸಾಯ್ಸಕ್ಕೆ ಓಗ್ಲಿಲ್ಲ ಮೇಡಂ. ಕೇಸು ಸಾಯ್ಲಿ ಅಂತ ಮಾಡ್ದೆ. ನಂಗೆ ಅನ್ನೊಂದು ವರ್ಷ, ಮೊದ್ಲ ವಾಯ್ದೆಗೆ ಕೈ ಹಿಡ್ಕಂಡು ಕರ್ಕೊಂಡೋದ್ಳು. ಅವತ್ತಿಂದ ಪ್ರತಿ ವಾಯ್ದೆಗೂ ಬಂದಿವ್ನಿ. ಪರೀಕ್ಷೆ ಬುಟ್ಟೆ, ಮದ್ವೆ ಆದ ಮೂರನೇ ದಿನನೂ ಕೋರ್ಟ್ ಜಗಲಿ ಮ್ಯಾಲೆ ಕೂತಿದ್ದೆ. ನನ್ ಮಗ್ಳಿಗೆ ಈಗ ಅನ್ನೊಂದು. ಓದ್ ತಿಂಗಳು ಅವ್ವ ಅವಳ ಕೈ ಹಿಡ್ಕಂಡು, 'ಬಾ ಮಗ, ಕೋರ್ಟ್ ನೋಡ್ಕಂಡು ಬರಾನ' ಅಂದ್ಳು."



ಸಂಜೆ ನಾಲ್ಕಕ್ಕೆ ಪುಟ್ಟತಾಯಮ್ಮನ ಪೂರಕ ಹೇಳಿಕೆ. ಮಗನ ಹೆಸರು ಕೇಳಿದ ಮೇಲೆ ಆಕೆ ಅತ್ತಿರಲಿಲ್ಲ. ಗೋಡೆ ನೋಡುತ್ತ ಮಲಗಿದ್ದಳು. ಮೇಡಂ ಕೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

"ಭಾನುವಾರವೇ ಗೊತ್ತಾಗಿತ್ತಲ್ಲಮ್ಮ. ತಕ್ಷಣ ಠಾಣೆಗೆ ಯಾಕೆ ಬರಲಿಲ್ಲ?"

"ಬಂದಿದ್ನಲ್ಲ ತಾಯಿ. ಸ್ವಾಮಾರ. ಮನೇಲಿ ಏಳ್ದಂಗೆ ಒಬ್ಳೆ ಬಸ್ ಅತ್ಕಂಡು ಬಂದಿದ್ದೆ."

ಎಲೆಅಡಿಕೆ ಚೀಲದಿಂದ ಮಡಿಚಿದ ಕಾಗದ ತೆಗೆದು ಕೊಟ್ಟಳು. ತಾಲ್ಲೂಕು ಕಚೇರಿ ಮುಂದೆ ಟೈಪು ಮಾಡಿಸಿದ ಅರ್ಜಿ. ತಾರೀಕು 03-11-2025. ಪ್ರಾಣಭಯವಿದೆ, ರಕ್ಷಣೆ ಕೊಡಿ ಎಂದಿತ್ತು.

"ಯಾರಿದ್ರು ಅವತ್ತು ಠಾಣೆಯಲ್ಲಿ?"

ಪುಟ್ಟತಾಯಮ್ಮ ನನ್ನನ್ನು ನೋಡಿದಳು. ಪೂರ್ತಿ ನೋಡಿದಳು. "ಮಕ ನೆಪ್ಪಿಲ್ಲ ಕಣವ್ವ," ಎಂದಳು.

ಮೇಡಂ ತಲೆ ಎತ್ತಿ ನನ್ನ ಕಡೆ ತಿರುಗಿದರು. ಸೋಮವಾರ ಬೆಳಗಿನ ಪಾಳಿ ಯಾರದೆಂದು ಅವರಿಗೆ ಗೊತ್ತಿತ್ತು.

"ನಾನೇ ಮೇಡಂ," ಎಂದೆ.

ನನಗೆ ಆ ವೆಬ್‌ಸೈಟು ತೆರೆಯಲು ಬರುವುದಿಲ್ಲ. ಆಕೆ ಚೀಟಿಯಲ್ಲಿ ಕೇಸ್ ನಂಬರು ಬರೆಸಿಕೊಂಡು ಬಂದು, ಒಂದು ಸಲ ನೋಡಿ ಸಾ ಎಂದು ಬೇಡಿದಳು. ಬರುವುದಿಲ್ಲ ಎಂದು ಹಳ್ಳಿಯ ಹೆಂಗಸೊಬ್ಬಳ ಮುಂದೆ ಹೇಳಲು ನಾಚಿಕೆಯಾಯಿತು. "ಸತ್ತೋರ ಅರ್ಜಿ ತಗೊಳ್ಳಂಗಿಲ್ಲ ಅಜ್ಜಿ, ಮೊದ್ಲು ಕೋರ್ಟಿಗೋಗಿ ಎದ್ದು ಬಾ" ಎಂದೆ. ಟೀ ಕೊಡಲು ಬಂದವನು ನಕ್ಕ. ನಾನೂ ನಕ್ಕೆ. ಆಕೆ ಕಾಗದ ಮಡಿಚಿಕೊಂಡು ಹೋದಳು.

"ಬರೀರಿ," ಎಂದರು ಮೇಡಂ.

ಬರೆದೆ. ಸೋಮವಾರ ಆ ಅರ್ಜಿ ತೆಗೆದುಕೊಂಡಿದ್ದರೆ ಮರುದಿನವೇ ಬಾಗೂರಿಗೆ ಒಬ್ಬ ಬೀಟ್ ಪೊಲೀಸ್ ಹೋಗುತ್ತಿದ್ದ. ಕುಮಾರ ಅಷ್ಟಕ್ಕೇ ಹೆದರಿ ನಿಲ್ಲುತ್ತಿದ್ದ. ಆಕೆಯ ಕಾಲು ಸುಡುತ್ತಿರಲಿಲ್ಲ.